ಖಾಲಿ ಬಿಟ್ಟ ನಾಲ್ಕು ಚಂದ್ರ

ಆ ವರ್ಷ ಮಗಳು ಐದನೇ ಕ್ಲಾಸು. ಸೌರಮಂಡಲದ ಪಾಠ ಮುಗಿದ ಮೇಲೆ ಅವಳ ಮೇಡಂ ಒಂದು ಕೆಲಸ ಕೊಟ್ಟರು. ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ದಿನಾ ಚಂದ್ರನನ್ನು ನೋಡಬೇಕು, ನೋಟ್‌ಬುಕ್ಕಿನ ವೃತ್ತದಲ್ಲಿ ಅವನ ಆಕಾರ ಬರೆಯಬೇಕು, ಪಕ್ಕದಲ್ಲಿ ಪಂಚಾಂಗದ ಮಾಸ, ತಿಥಿ. ಕಾಣದಿದ್ದರೆ ವೃತ್ತ ಖಾಲಿ ಬಿಟ್ಟು ಕೊನೆಯ ಕಾಲಂನಲ್ಲಿ ಕಾರಣ ಬರೆಯಬೇಕು. ಒಳ್ಳೆಯ ನೋಟ್‌ಬುಕ್ಕುಗಳನ್ನು ಶಾಲೆಯ ಪ್ರದರ್ಶನದಲ್ಲಿ ಇಡುತ್ತಾರಂತೆ. ಮಗಳ ಕಣ್ಣೆಲ್ಲ ಅದರ ಮೇಲೆ.

ಮೊದಲ ಮೂರು ಸಂಜೆ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಿಂದಲೇ ಚಂದ್ರ ಕಂಡ. ನಾಲ್ಕನೇ ಸಂಜೆ ಏಳು ಗಂಟೆಗೆ ನೋಡಿದರೆ ಇಲ್ಲ. "ಹೊಗೆ," ಎಂದುಬಿಟ್ಟೆ. ದೆಹಲಿಯಲ್ಲಿ ಇದ್ದೂ ಇದ್ದೂ, ಕಾಣದ್ದಕ್ಕೆಲ್ಲ ಹೊಗೆಯನ್ನು ದೂರುವುದು ನನಗೆ ಅಭ್ಯಾಸವಾಗಿತ್ತು. ನಾನು ಬಿಎಸ್ಸಿ ಓದಿದವನು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ನಾನು ಹೇಳಿದ ಮೇಲೆ ಮನೆಯಲ್ಲಿ ಮರುಮಾತಿಲ್ಲ ಎಂಬ ಭ್ರಮೆ ಬೇರೆ.

ಅಲ್ಲೇ ಬತ್ತಿ ಹೊಸೆಯುತ್ತಿದ್ದ ನನ್ನ ಅಮ್ಮ ತಲೆ ಎತ್ತದೆ ಹೇಳಿದಳು: "ಹೊಗೆ ಅಲ್ಲಪ್ಪ, ಅವನಿನ್ನೂ ಹುಟ್ಟೇ ಇಲ್ಲ. ಹುಣ್ಣಿಮೆ ಆದ್ಮೇಲೆ ದಿನಕ್ಕೆ ಎರಡು ಗಳಿಗೆ ತಡ ಮಾಡ್ತಾನೆ." ಎರಡು ಗಳಿಗೆ ಎಂದರೆ ಹತ್ತಿರ ಹತ್ತಿರ ಐವತ್ತು ನಿಮಿಷ.

ಮಾರನೆಯ ದಿನ ಅಮ್ಮನಿಗೆ ಸಂಕಷ್ಟಿ, ಸುತ್ತಮುತ್ತಲಿನ ಮನೆಯವರಿಗೆ ಕರ್ವಾ ಚೌತ್. ಎರಡೂ ಚಂದ್ರನನ್ನು ನೋಡಿಯೇ ಊಟ ಮಾಡುವ ಉಪವಾಸಗಳು. ಟೆರೇಸಿನ ತುಂಬಾ ಚಂದ್ರನನ್ನು ನೋಡಲು ಜರಡಿ ಹಿಡಿದ ಹೆಂಗಸರು, ನಡುವೆ ಅರ್ಘ್ಯದ ಲೋಟ ಹಿಡಿದ ನನ್ನ ಅಮ್ಮ. ಎಂಟು ದಾಟಿದ ಮೇಲೆ ಎದುರಿನ ಕಟ್ಟಡದ ಹಿಂದಿನಿಂದ ಚಂದ್ರ ಮೇಲೆ ಬಂದ. "ಅಪ್ಪಾ, ನಿಮ್ಮ ಹೊಗೆ ಹೋಯ್ತಾ?" ಎಂದಳು ಮಗಳು.

"ನಾಳೆಯಿಂದ ಸಂಜೆ ಕಾಯ್ಬೇಡ ಪುಟ್ಟೀ. ತಡವಾಗಿ ಬಂದೋನು ತಡವಾಗೇ ಹೋಗ್ತಾನೆ. ಬೆಳಿಗ್ಗೆ ನೋಡೋಣ," ಎಂದಳು ಅಮ್ಮ.

"ಅಜ್ಜೀ, ದಿನ್ ಮೇಂ ಚಾಂದ್? ಹಗಲಲ್ಲಿ ಚಂದ್ರನಾ?"

ಹಾಗೆ ಶುರುವಾಯಿತು. ಶಾಲೆಯ ವ್ಯಾನ್ ಬರುವ ಮೊದಲು ಇಬ್ಬರೂ ಟೆರೇಸಿಗೆ ಹೋಗುವರು. ಮೊದಲು ಪಶ್ಚಿಮದಲ್ಲಿದ್ದ ಚಂದ್ರ ದಿನಕ್ಕಿಷ್ಟು ಸೂರ್ಯನ ಕಡೆ ಸರಿಯುತ್ತಿದ್ದ, ಸರಿದಷ್ಟೂ ಸವೆಯುತ್ತಿದ್ದ. ನಾನೂ ಸುಮ್ಮನಿರಲಾರದೆ ಟೇಬಲ್ ಲ್ಯಾಂಪಿನ ಮುಂದೆ ಕಿತ್ತಳೆ ಹಣ್ಣು ಹಿಡಿದು ವಿವರಿಸಿದೆ. ಲ್ಯಾಂಪು ಸೂರ್ಯ, ಹಣ್ಣು ಚಂದ್ರ, ಮಗಳ ತಲೆಯೇ ಭೂಮಿ. ಹಣ್ಣಿನ ಅರ್ಧಕ್ಕೆ ಯಾವಾಗಲೂ ಬೆಳಕಿದೆ, ಭೂಮಿಗೆ ಕಾಣುವ ಪಾಲು ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಅವಳು ತಲೆಯಾಡಿಸಿ ಹಣ್ಣು ತಿಂದಳು.

ಅಷ್ಟಮಿಯ ಸಂಜೆ ಅವಳು ಅಳುತ್ತಾ ಬಂದಳು. ಅಮ್ಮ ಹೇಳಿದಂತೆ ಅವಳು ಸಾಲು ಸಾಲಾಗಿ 'ಆಶ್ವಯುಜ ಬಹುಳ' ಎಂದು ಬರೆದಿದ್ದಳು. ಮೇಡಂ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಹೊಡೆದು 'ಕಾರ್ತಿಕ' ಎಂದು ತಿದ್ದಿದ್ದರು.

"ಅಜ್ಜಿ ನೇ ಗಲತ್ ಬತಾಯಾ. ಇಡೀ ಕ್ಲಾಸಲ್ಲಿ ನಂದೊಂದೇ ರಾಂಗ್."

ಕಚೇರಿಯಿಂದ ತಲೆ ಕೆಟ್ಟು ಬಂದಿದ್ದೆ. ಹಿಂದೆಮುಂದೆ ನೋಡಲಿಲ್ಲ. "ಗೊತ್ತಿಲ್ದೇ ಇರೋದನ್ನ ಮಗೂಗೆ ಯಾಕಮ್ಮ ಹೇಳಿಕೊಡ್ತೀಯ? ಇದು ಸ್ಕೂಲು, ನಿನ್ನ ದೇವರಮನೆ ಅಲ್ಲ."

ಅಮ್ಮ ಬತ್ತಿಯ ಡಬ್ಬಿ ಮುಚ್ಚಿದಳು. "ಆಯ್ತಪ್ಪ," ಎಂದಳು. ಮಾರನೆಯ ಬೆಳಿಗ್ಗೆ ಅವಳು ಮಗಳನ್ನು ಎಬ್ಬಿಸಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಇವತ್ತು ಯಾವ ತಿಥಿ ಎಂದು ನನ್ನ ಹೆಂಡತಿ ಕೇಳಿದರೆ, "ಫೋನಲ್ಲಿ ನೋಡ್ಕೊಳಮ್ಮ," ಎಂದಳಂತೆ.

ನಾಲ್ಕು ದಿನ ಹೀಗೇ ಹೋಯಿತು. ದ್ವಾದಶಿಯ ಮಧ್ಯಾಹ್ನ ಕಚೇರಿಯಲ್ಲಿ ಮಥುರಾ ಕಡೆಯ ಸಹೋದ್ಯೋಗಿಯ ಜೊತೆ ಊಟಕ್ಕೆ ಕೂತಿದ್ದೆ. ಕಾರ್ತಿಕದ ಅಮಾವಾಸ್ಯೆಗೆ ದೀಪಾವಳಿ ಎಂದು ಆತ ಮಾತಿಗೆ ಹೇಳಿದ. ನಮ್ಮಲ್ಲಿ ದೀಪಾವಳಿ ಆದ ಮಾರನೆಯ ದಿನ ತಾನೇ ಕಾರ್ತಿಕ ಹುಟ್ಟುವುದು, ಎಂದೆ. ಹೇಳಿದ ಮೇಲೆ ಕೈಯಲ್ಲಿದ್ದ ರೋಟಿ ಅಲ್ಲೇ ನಿಂತಿತು. ಆತ ನಕ್ಕು ಬಿಡಿಸಿ ಹೇಳಿದ. ಅವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಹಾಗಾಗಿ ಶುಕ್ಲಪಕ್ಷದಲ್ಲಿ ಇಬ್ಬರದೂ ಒಂದೇ ಮಾಸ, ಕೃಷ್ಣಪಕ್ಷ ಬಂದಾಗ ಮಾತ್ರ ಅವರು ಒಂದು ಹೆಸರು ಮುಂದೆ. ಚಂದ್ರ ಅದೇ, ತಿಥಿ ಅದೇ. ಮೇಡಂ ತಪ್ಪಲ್ಲ, ಅಮ್ಮನೂ ತಪ್ಪಲ್ಲ. ದೀಪಾವಳಿಯ ಮಾರನೆಯ ದಿನದ ಕಾರ್ತಿಕ ಪಾಡ್ಯವನ್ನು ಹುಟ್ಟಿದಾಗಿನಿಂದ ಕೇಳುತ್ತಾ ಬೆಳೆದವನು ನಾನು. ಕೆಂಪು ಶಾಯಿ ಕಂಡ ಕೂಡಲೇ ಅದೆಲ್ಲ ಮರೆತು ಹೋಗಿತ್ತು.

ಸಂಜೆ ಮನೆಗೆ ಬಂದವನೇ ಅಮ್ಮನಿಗೂ ಮಗಳಿಗೂ ಅದನ್ನು ಹೇಳಿದೆ. ಅಮ್ಮ ಕೇಳಿಸಿಕೊಂಡಳು. "ಅವರ ಲೆಕ್ಕ ಅವರಿಗೆ ಇರಬಹುದು ಅಂತ ನಂಗೂ ಅನ್ನಿಸಿತ್ತು. ಅದಕ್ಕಲ್ಲ. ನೀನು ಮಗು ಮುಂದೆ ಅಂದ್ಯಲ್ಲ, ಅದಕ್ಕೆ," ಎಂದಳು. ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು. "ತಪ್ಪಾಯ್ತಮ್ಮ," ಎಂದೆ. ಅದನ್ನೂ ಮಗಳ ಮುಂದೆಯೇ ಹೇಳಿದೆ.

ಮಗಳು ಮೆಲ್ಲಗೆ ನೋಟ್‌ಬುಕ್ ತಂದು ಅಜ್ಜಿಯ ಮಡಿಲಲ್ಲಿಟ್ಟಳು. ನಾಲ್ಕು ದಿನದ ವೃತ್ತಗಳೂ ತುಂಬಿದ್ದವು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಇದು ಸಂಜೆ ಕಾಣೋ ಬಿದಿಗೆ ಚಂದ್ರ ಕಣೇ. ಬೆಳಗಿನ ಚಂದ್ರ ಹಿಂಗೆ ತಿರುಗಿರಲ್ಲ. ಹೊಳೆಯೋ ಕಡೆ ಸೂರ್ಯ ಹುಟ್ಟೋ ದಿಕ್ಕಿಗೇ ಇರಬೇಕು. ಇದನ್ನ ಎಲ್ಲಿ ನೋಡಿದೆ?"

"ಫೋನ್ ಮೇಂ," ಎಂದಳು ಮಗಳು, ನೆಲ ನೋಡುತ್ತಾ. ಎಬ್ಬಿಸುವವರಿರಲಿಲ್ಲ.

"ಅಳಿಸು. ನೋಡದೇ ಇರೋದನ್ನ ಬರೀಬಾರದು."

"ಮತ್ತೆ ಎಕ್ಸಿಬಿಷನ್?"

"ಇಡದಿದ್ರೆ ಬಿಡ್ಲಿ."

ಅವಳು ತುಟಿ ಕಚ್ಚಿಕೊಂಡು ನಾಲ್ಕನ್ನೂ ಅಳಿಸಿದಳು.

ಮಾರನೆಯ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲೇ ಮೂವರೂ ಟೆರೇಸಿಗೆ ಹೋದೆವು. ಪೂರ್ವದಲ್ಲಿ, ನೀರಿನ ಟ್ಯಾಂಕುಗಳಿಗಿಂತ ಸ್ವಲ್ಪ ಮೇಲೆ, ಉಗುರಿನಷ್ಟು ಚಂದ್ರ. ಹೊಳೆಯುವ ಬೆನ್ನು ಸೂರ್ಯ ಬರುವ ಕಡೆಗೇ ಇತ್ತು. ಮಗಳು ಕೂತು ಅದನ್ನು ಬರೆದಳು. ಮಾಸದ ಜಾಗದಲ್ಲಿ 'ಆಶ್ವಯುಜ' ಎಂದೂ ಬರೆದಳು, 'ಕಾರ್ತಿಕ' ಎಂದೂ ಬರೆದಳು. ಆಮೇಲೆ ಖಾಲಿ ವೃತ್ತಗಳ ಮೇಲೆ ಪೆನ್ಸಿಲ್ ಇಟ್ಟು ಕೇಳಿದಳು: "ಕಾರಣ ಏನು ಬರೀಲಿ? ಮೋಡ ಇರ್ಲಿಲ್ಲ."

"ಹೊಗೆ ಅಂತ ಬರಿ," ಎಂದೆ, ಅಭ್ಯಾಸಬಲದಿಂದ.

ಅಮ್ಮ ನನ್ನ ಕಡೆ ನೋಡಿದಳು. ಮಗಳು ಬಗ್ಗಿ ಬರೆದಳು. ಮೊದಲ ಸಾಲಿನಲ್ಲಿ 'ಅಪ್ಪನಿಗೆ ಸಿಟ್ಟು ಬಂದಿತ್ತು' ಎಂದಿತ್ತು. ಕೆಳಗಿನ ಮೂರು ಸಾಲಿಗೂ ಅದೇ ಎಂದು ಎರಡೆರಡು ಗೀಟು ಎಳೆದಿದ್ದಳು.

ಪುಟದ ಕೊನೆಯಲ್ಲಿ ಪೋಷಕರ ಸಹಿಗೆ ಜಾಗವಿತ್ತು. ಮಗಳಿಂದ ಪೆನ್ನು ಇಸಿದುಕೊಂಡು ಸಹಿ ಹಾಕಿದೆ.