ನಾಲ್ಕನೇ ಜ್ವರ

ರೇಷ್ಮೆಹುಳು ಮೇಯುವುದು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಅಲ್ಲಾಡದೆ ನಿಲ್ಲುವುದಕ್ಕೆ ನಮ್ಮ ಕಡೆ ‘ಜ್ವರ’ ಎನ್ನುತ್ತಾರೆ; ಗೂಡು ಕಟ್ಟುವ ಮೊದಲು ನಾಲ್ಕು ಸಲ ಬರುತ್ತದೆ. ಹುಳು ಜ್ವರಕ್ಕೆ ಕೂತರೆ ಸೊಪ್ಪು ಮೇಯುವ ಸದ್ದು ನಿಲ್ಲುತ್ತದೆ. ಮನೆಯವರ ದನಿಯೂ ತಗ್ಗುತ್ತದೆ.

ಮಾಂಬಳ್ಳಿಯ ನಮ್ಮ ಮನೆಯಲ್ಲಿ ಹುಳು ಅಣ್ಣನದು. ಏಳನೇ ಕ್ಲಾಸಿಗೇ ಸ್ಕೂಲು ಬಿಡಿಸಿ ಅಪ್ಪ ಅವನನ್ನು ಹುಳುವಿನ ತಟ್ಟೆಗಳ ಮುಂದೆ ನಿಲ್ಲಿಸಿದ್ದ. ಬಣ್ಣ ನೋಡಿಯೇ ಹುಳುವಿನ ರೋಗ ಹೇಳುತ್ತಿದ್ದ ಅಣ್ಣ. ನಾನು ಹಾಗಲ್ಲ. ಹನೂರಿನಲ್ಲಿ ಲಾರಿಗೆ ಟೊಮೆಟೊ ತುಂಬಿದೆ, ಮಾರ್ಟಳ್ಳಿಯಲ್ಲಿ ಗಾರೆ ಕಲಸುತ್ತ ಅರ್ಧಂಬರ್ಧ ತಮಿಳು ಕಲಿತೆ, ಕೊಳ್ಳೇಗಾಲದ ಇಸ್ತ್ರಿ ಅಂಗಡಿಯಲ್ಲಿ ದುಡಿಯುತ್ತಲೇ ಡಿಗ್ರಿ ಮುಗಿಸಿದೆ. ನಮ್ಮ ಮನೆತನದಲ್ಲಿ ಅದೇ ಮೊದಲ ಡಿಗ್ರಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

“ನಿಮ್ಮಣ್ಣ ಒಂದೇ ಗುಂಡಿ ತೋಡಿ ನೀರ್ ಕಂಡ ಕಣ್ಲಾ,” ಎನ್ನುತ್ತಿದ್ದ ಅಪ್ಪ. “ನೀನು ಕೋಳಿ ಕೆದುಕ್ದಂಗೆ ಊರೆಲ್ಲಾ ಕೆದುಕ್ತಾ ಇದ್ದೀಯ.”

ಒಂದು ಚಳಿಗಾಲದ ಬೆಳಿಗ್ಗೆ ಊರಿಗೆ ಬಂದರೆ ಹುಳುಮನೆಯ ಕಿಟಕಿಗಳಿಗೆಲ್ಲ ಗೋಣಿತಾಟು ಬಿಗಿದಿತ್ತು. ಕಾವಿಗೆಂದು ಇದ್ದಿಲ ಒಲೆ ಹೂಡಿಕೊಂಡು ಅಣ್ಣ ಒಳಗಿದ್ದ.

“ಕೂಗ್ಬೇಡ ಕಣಪ್ಪ, ನಾಕ್ನೇ ಜ್ವರ,” ಎಂದಳು ಅವ್ವ. “ಅವ್ನೂ ತಲೆನೋವು ಅಂತಿದ್ದ. ಮಲಿಕ್ಕಂಡವ್ನೆ.”

ಚೀಲ ಅಲ್ಲೇ ಇಳಿಸಿ ಹುಳುಮನೆಯ ಕಡೆ ಓಡಿದೆ. ಮಳೆಯೆಂದು ಷಟರ್ ಎಳೆದು ಕೆಂಡದ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ದಿನ ನನಗೆ ಮೊದಲು ಬಂದದ್ದು ತಲೆನೋವು, ಆಮೇಲೆ ನಿದ್ದೆ. ಪಕ್ಕದ ಅಂಗಡಿಯವರು ರಟ್ಟೆ ಹಿಡಿದು ಬೀದಿಗೆ ಎಳೆದಿದ್ದರಿಂದ ಇದ್ದಿಲಿನ ವಿಷಗಾಳಿಗೆ ಸಿಕ್ಕೂ ಉಳಿದಿದ್ದೆ.

ಅಪ್ಪ ಬಾಗಿಲಿಗೆ ಅಡ್ಡ ನಿಂತ. “ಲೇ, ಚಳಿ ನುಗ್ಗುದ್ರೆ ಬೆಳೆ ಓಯ್ತದೆ. ಉಳದ್ ವಿಸ್ಯ ನಿಂಗೇನ್ಲಾ ಗೊತ್ತು?”

“ಉಳದ್ದು ಗೊತ್ತಿಲ್ಲ. ಇದ್ಲುದ್ದು ಗೊತ್ತು.”

ಅವನನ್ನು ಸರಿಸಿ ಬಾಗಿಲು ಒದ್ದೆ. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿ ನಿಂತಿದ್ದವು. ಅವುಗಳ ಕೆಳಗೆ ಅಣ್ಣ ಬಿದ್ದಿದ್ದ, ಅಷ್ಟೇ ಅಲ್ಲಾಡದೆ. ಅಂಗಳಕ್ಕೆ ಎಳೆದು ತಂದೆವು. ಎಷ್ಟೋ ಹೊತ್ತಿಗೆ ವಾಂತಿ ಮಾಡಿ, ಕಣ್ಣು ಬಿಟ್ಟು ಮೊದಲು ಕೇಳಿದ್ದು, “ಬಾಗ್ಲು ಯಾರ್ ತಗ್ದೋರು?”

ಯಳಂದೂರಿನ ಆಸ್ಪತ್ರೆಗೆ ಸೇರಿಸಿದೆವು; ಹುಷಾರಾಗಿ ತನ್ನ ಕಾಲ ಮೇಲೇ ಮನೆಗೆ ಬಂದ. ಬೆಳೆ ಅರ್ಧಕ್ಕರ್ಧ ಹೋಗಿತ್ತು. ಹುಳುವಿನ ವಿಷಯದಲ್ಲಿ ಅಪ್ಪ ಹೇಳಿದ್ದು ಸರಿಯೇ. ಆದರೆ ಹುಳುಮನೆ ಬಿಟ್ಟು ಬೇರೆಲ್ಲಾದರೂ ಅಣ್ಣ ಒಂದು ವರ್ಷ ದುಡಿದಿದ್ದರೆ ಆ ತಲೆನೋವು ಏನೆಂದು ಅವನಿಗೂ ತಿಳಿಯುತ್ತಿತ್ತು.

ಈಗಲೂ ಚಳಿ ಶುರುವಾದರೆ ಫೋನ್ ಮಾಡಿ ಕಿಟಕಿ ತೆಗೆದಿದೆಯಾ ಎಂದು ಕೇಳುತ್ತೇನೆ. “ತಗ್ದೇ ಇವ್ನಿ ಕಣ್ಲಾ, ಡಿಗ್ರಿ ಸಾಯೇಬ,” ಎಂದು ಅಣ್ಣ ನಗುತ್ತಾನೆ. ಮೊನ್ನೆ ಮಾತ್ರ ದನಿ ತಗ್ಗಿಸಿದ. “ಜ್ವರುಕ್ಕೆ ಕೂತವೆ. ಆಮೇಲ್ ಮಾಡು, ತಲೆ ನೋಯ್ತದೆ.”

ಬೈಕು ಹತ್ತಿ ಓಡಿದೆ. ಕಿಟಕಿ ತೆರೆದಿತ್ತು, ಅಣ್ಣನಿಗೆ ಬರೀ ನೆಗಡಿ. ಆದರೆ ಕಿಟಕಿಯ ಕೆಳಗೆ ಗೋಣಿತಾಟು ಮಡಚಿಟ್ಟಿತ್ತು, ಅದರ ಮೇಲೆ ಸುತ್ತಿಗೆ, ಮೊಳೆ. ಚಳಿ ಇನ್ನೂ ಬಲಿತಿರಲಿಲ್ಲ.