ಹನ್ನೊಂದು ಚುಕ್ಕಿಯ ಮುಖ

ಆನ್‌ಲೈನ್ ತರಗತಿಯ ಮೊದಲ ದಿನವೇ ಟಚಪ್ಪಮ್ಮ ಗುರುಗಳ ಕೆನ್ನೆ ಒರೆಸಿದರು.

ಒರೆಸಿದ್ದು ಕಂಪ್ಯೂಟರ್ ಪರದೆಯ ಮೇಲೆ, ಕನ್ನಡಕದ ಬಟ್ಟೆಯಿಂದ, ಅದಕ್ಕೆ ತುಸು ಎಂಜಲು ತಾಕಿಸಿ. ಪಾಠ ಹೇಳುತ್ತಿದ್ದ ಗುರುಗಳ ಎಡಗೆನ್ನೆಯ ಮೇಲೊಂದು ಕಪ್ಪು ಚುಕ್ಕಿ ಕೂತಿತ್ತು. ಒರೆಸಿದರೂ ಹೋಗಲಿಲ್ಲ. “ನೊಣದ್ದೋ ಏನೋ, ಈ ಯಪ್ಪನ ಮುಖ ಬಿಟ್ಟು ಹೋಗ್ತಾನೇ ಇಲ್ವಲ್ಲ!” ಎಂದು ಗೊಣಗುತ್ತಾ ಉಗುರಿನಿಂದ ಕೆರೆದರು. ಕ್ಯಾಮೆರಾ ತೆರೆದಿತ್ತು, ಮೈಕೂ ತೆರೆದಿತ್ತು. ಆ ಎರಡೂ ತೆರೆದಿವೆ ಎಂಬ ಅರಿವೊಂದೇ ಮುಚ್ಚಿತ್ತು. ನಲವತ್ತೊಂದು ಮಂದಿ ಸಹಪಾಠಿಗಳು ಪಾಠ ಮರೆತು ಈ ಒರೆಸಾಟವನ್ನೇ ನೋಡುತ್ತಿದ್ದರು.

“ಮೇಡಂ, ಅದು ಮಚ್ಚೆ,” ಎಂದರು ಗುರುಗಳು ತಣ್ಣಗೆ. “ಹುಟ್ಟಿದಾಗಿಂದ ಇದೆ. ನಮ್ಮಮ್ಮನೂ ಒರೆಸಿ ನೋಡಿದ್ರಂತೆ.”

ಬೇರೆಯವರಾಗಿದ್ದರೆ ಕಂಪ್ಯೂಟರಿನ ಜೊತೆ ಕಲಿಕೆಯ ಆಸೆಯನ್ನೂ ಮುಚ್ಚಿ ಎದ್ದುಬಿಡುತ್ತಿದ್ದರು. ಟಚಪ್ಪಮ್ಮ ಕನ್ನಡಕ ಏರಿಸಿಕೊಂಡು, “ಇರಲಿ ಬಿಡಿ ಸರ್, ಚೆನ್ನಾಗೇ ಇದೆ,” ಎಂದು ಮಚ್ಚೆಗೆ ಅನುಮತಿ ಕೊಟ್ಟು, ಪುಸ್ತಕದಲ್ಲಿ ಪಾಠ ಒಂದು ಎಂದು ಬರೆದು ಕೆಳಗೆ ಗೆರೆ ಎಳೆದರು.

ಒರೆಸುವುದು ಅವರ ಹಳೆಯ ಕಸುಬು. ಇಪ್ಪತ್ತೆರಡು ವರ್ಷ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಊರಿನವರ ಮೊಡವೆ, ಸುಕ್ಕು, ಜೋಡಿಗಲ್ಲ ಎಲ್ಲವನ್ನೂ ಅಳಿಸಿದ್ದರು. ಟಚ್‌ಅಪ್ ಮಾಡುವ ಅಮ್ಮ ಟಚಪ್ಪಮ್ಮನಾದದ್ದು ಹೀಗೆ. ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಕಣ್ಣು ಮುಚ್ಚಿತು. ಆಗ ಅಪರಾಧ ಪ್ರಯೋಗಾಲಯದ ಚಿತ್ರ ವಿಭಾಗದಲ್ಲಿ ತಾತ್ಕಾಲಿಕ ಸಹಾಯಕಿಯ ಕೆಲಸ ಸಿಕ್ಕಿತು. ಎರಡನೇ ಮಹಡಿ, ಹಗಲಲ್ಲೂ ಕಪ್ಪು ಪರದೆ ಎಳೆದ ಕೋಣೆ, ಬೆನ್ನಿಗೆ ತಂತಿ ಬಿಗಿದ ಕುರ್ಚಿ. ಅಂಗಡಿ, ಬ್ಯಾಂಕು, ಬಸ್ ನಿಲ್ದಾಣಗಳ ಕ್ಯಾಮೆರಾಗಳು ಕಂಡದ್ದೆಲ್ಲ ಅರಗು ಹಾಕಿದ ಲಕೋಟೆಗಳಲ್ಲಿ ಅಲ್ಲಿಗೆ ಬರುತ್ತಿತ್ತು. ಟಚಪ್ಪಮ್ಮ ನೋಡುತ್ತಿದ್ದರು, ಬರೆಯುತ್ತಿದ್ದರು. ಸಹಿ ಮಾತ್ರ ಬೇರೆಯವರದು.

ಈಗ ಹೊಸ ಸುತ್ತೋಲೆ ಬಂದಿತ್ತು. ಹನ್ನೆರಡು ವಾರದ ಆನ್‌ಲೈನ್ ತರಬೇತಿ ಮುಗಿಸಿದವರಷ್ಟೇ ವರದಿಗೆ ಸಹಿ ಹಾಕಬಹುದು, ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬಹುದು. ತಾತ್ಕಾಲಿಕದವರು ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ. ವಿಭಾಗ ಉಳಿಯಲು ಸಹಿಯ ಅಧಿಕಾರ ಇರುವ ಇಬ್ಬರಾದರೂ ಬೇಕಿತ್ತು. ಹಾಗಾಗಿ ಮುಖ್ಯಸ್ಥರು ಟಚಪ್ಪಮ್ಮನನ್ನೂ, ಕಿರಿಯ ಸಹೋದ್ಯೋಗಿ ಝೂಮಣ್ಣನನ್ನೂ ಸೇರಿಸಿದರು. ಊಟದ ಬಿಲ್ಲನ್ನೂ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಲು ಹೋಗುತ್ತಿದ್ದ ಆ ಯುವಕನಿಗೆ ಬೇರೆ ಹೆಸರು ಹೊಂದುತ್ತಲೂ ಇರಲಿಲ್ಲ.

ಮನೆಯಲ್ಲಿ ಓದಲು ಜಾಗವೆಂದರೆ ಊಟದ ಮೇಜು. ಮುಂದಿನ ಕೋಣೆಯಲ್ಲಿ ಗಂಡನ ಗಡಿಯಾರ ರಿಪೇರಿ. ಮೂವತ್ತು ಗಡಿಯಾರ, ಮೂವತ್ತು ಸಮಯ. ಹಿಂದೆ ಅತ್ತೆ. ಅವರು ಸೊಸೆಯ ಭುಜದ ಮೇಲಿಂದ ಅಷ್ಟೂ ತರಗತಿಗೆ ಹಾಜರಾಗಿದ್ದರು, ಶುಲ್ಕವಿಲ್ಲದೆ.

“ಐವತ್ತೆರಡಕ್ಕೆ ಪರೀಕ್ಷೆ! ನಮ್ಮ ಕಾಲದಲ್ಲಿ ಈ ವಯಸ್ಸಿಗೆ ಮೊಮ್ಮಕ್ಕಳ ಪರೀಕ್ಷೆ ಮುಗೀತಿತ್ತು,” ಎನ್ನುವರು.

“ನಿಮ್ಮ ಕಾಲದ್ದು ನನಗೇನು ಗೊತ್ತು ಅತ್ತೆ, ಮುಂದಿನ ಕೋಣೇಲಿ ಕೇಳಿ. ಅಲ್ಲಿ ಎಲ್ಲ ಕಾಲಾನೂ ಇದೆ.”

ಪರೀಕ್ಷೆ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು. ನಾಲ್ಕು ಪ್ರಶ್ನೆ ಸಲೀಸಾಗಿ ಮುಗಿದವು. ಕೊನೆಯದಾದ ಐದನೆಯದರಲ್ಲಿ ಒಂದು ತುಣುಕು ವಿಡಿಯೋ: ರೇನ್‌ಕೋಟ್ ತೊಟ್ಟವನೊಬ್ಬ ಅಂಗಡಿಯ ಬೀಗ ಮುರಿದು ಒಮ್ಮೆ ತಿರುಗಿ ನೋಡುತ್ತಾನೆ. ಪಕ್ಕದಲ್ಲಿ ಮೂವರು ಗಂಡಸರ ಫೋಟೋ. ಈ ಮೂವರಲ್ಲಿ ಅವನು ಯಾರು?

ಟಚಪ್ಪಮ್ಮ ಮುಖವನ್ನು ಅಳೆದರು. ಅಡ್ಡಕ್ಕೆ ಹನ್ನೊಂದೇ ಚುಕ್ಕಿ, ಅಂದರೆ ಪಿಕ್ಸೆಲ್. ಚಿತ್ರವನ್ನು ಕುಗ್ಗಿಸಿ ತುಂಬಿಟ್ಟ ಯಂತ್ರ ಅದರಲ್ಲೂ ಅರ್ಧವನ್ನು ಕಲಸಿತ್ತು. ಮೂಗೆಂದು ಕಂಡದ್ದು ಮೂಗೋ, ಮಳೆಹನಿಯೋ ದೇವರೇ ಬಲ್ಲ. ಗುರುತಿಸಲು ಆಗದು ಎಂದು ಕಾರಣಸಹಿತ ವರದಿ ಬರೆದರು. ಆದರೆ ಉತ್ತರದ ಪಟ್ಟಿಯಲ್ಲಿದ್ದದ್ದು ಒಂದು, ಎರಡು, ಮೂರು, ಅಷ್ಟೇ. ಯಾವುದನ್ನಾದರೂ ಒತ್ತದೆ ‘ಮುಂದೆ’ ಎಂಬ ಗುಂಡಿ ಬೂದು ಬಣ್ಣ ಬಿಡುತ್ತಿರಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದರು.

“ಯಾವುದಾದ್ರೂ ಒಂದು ಒತ್ತಿ ಮೇಡಂ, ಮುಂದೆ ಹೋಗುತ್ತೆ,” ಎಂದಳು ಅಲ್ಲಿಯವಳು.

“ಯಾರು ಮುಂದೆ ಹೋಗ್ತಾರಮ್ಮ? ನಾನೋ, ಜೈಲಿಗೆ ಆ ಎರಡನೆಯವನೋ?”

“ಇದು ಬರೀ ಪರೀಕ್ಷೆ ಮೇಡಂ.”

“ಇಲ್ಲಿ ಸುಮ್ನೆ ಒತ್ತಿದ ಬೆರಳು ನಾಳೆ ಅಲ್ಲೂ ಸುಮ್ನೆ ಒತ್ತುತ್ತೆ. ಬೆರಳಿಗೆ ಅಭ್ಯಾಸ ಅನ್ನೋದೊಂದು ಇರುತ್ತೆ ತಾಯಿ.”

ಝೂಮಣ್ಣನ ಫೋನ್ ಬಂತು. ಹಾಗೆ ಮಾಡಬಾರದೆಂಬ ನಿಯಮವಿದ್ದರೂ ಪಿಸುಮಾತಿನಲ್ಲಿ ಮಾಡಿದ್ದ. “ಅಮ್ಮಾ, ಎರಡು ಒತ್ತಿ. ನನ್ನ ಸಾಫ್ಟ್‌ವೇರಿಗೆ ಹಾಕಿದೆ, ರೆಪ್ಪೆಗೂದಲು ಸಮೇತ ಬಂತು!”

“ಹನ್ನೊಂದು ಚುಕ್ಕಿಗೆ ರೆಪ್ಪೆಗೂದಲು ಎಲ್ಲಿಂದ ಬಂತಪ್ಪಾ? ಅದರ ಅಪ್ಪನ ಮನೆಯಿಂದಲಾ?”

“ಅಮ್ಮಾ, ಕೆಲಸ ಹೋಗುತ್ತೆ!”

“ಹೋದ್ರೆ ಹೋಗ್ಲಿ. ಅದು ಕಾಣೋ ಹಾಗೆ ಹೋಗುತ್ತಲ್ಲ.”

ಗಂಡ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯ ಸಮೇತ ಬಂದು ಬಾಗಿಲಲ್ಲಿ ನಿಂತ. “ಏನೇ, ಒಂದು ಗುಂಡಿ ತಾನೇ? ಒತ್ತಿಬಿಡಬಾರದಾ?”

“ನೀವು ಕೆಟ್ಟ ಗಡಿಯಾರಕ್ಕೆ ಮುಳ್ಳು ತಿರುಗಿಸಿ ಸರಿಯಾಯ್ತು ಅಂತ ಕೊಡ್ತೀರಾ?”

ಗಂಡ ಮೂವತ್ತು ಸಮಯಗಳ ಕಡೆಗೆ ಹಿಂದಿರುಗಿದ. ಅತ್ತೆ ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದು, “ನನಗೂ ಏನೂ ಕಾಣ್ತಿಲ್ಲ ಕಣೇ,” ಎಂದರು. ಅವರಿಗೆ ಎರಡು ಕಣ್ಣಿಗೂ ಪೊರೆ. ಆದರೂ ಆ ಬೆಂಬಲ ಟಚಪ್ಪಮ್ಮನಿಗೆ ಬೇಕಿತ್ತು.

ಬೂದು ಗುಂಡಿಯ ಮುಂದೆ ಒಂದು ಗಂಟೆ ಹತ್ತು ನಿಮಿಷ ಕೈಕಟ್ಟಿ ಕೂತರು. ಅದು ಬಣ್ಣ ಬದಲಿಸಲಿಲ್ಲ, ಇವರು ಮನಸ್ಸು ಬದಲಿಸಲಿಲ್ಲ. ನಾಲ್ಕಕ್ಕೆ ಪರದೆ ತಾನಾಗಿ ಮುಚ್ಚಿ, ‘ಅಪೂರ್ಣ’ ಎಂದಿತು. ಟಚಪ್ಪಮ್ಮ ತಮ್ಮ ವರದಿಯನ್ನು ನೇರ ಗುರುಗಳಿಗೇ ಕಳಿಸಿ ಎದ್ದರು.

ಸೋಮವಾರ ಬೆಳಿಗ್ಗೆ ಮುಖ್ಯಸ್ಥರು ಟಚಪ್ಪಮ್ಮನನ್ನೂ ಝೂಮಣ್ಣನನ್ನೂ ತಮ್ಮ ಕೋಣೆಗೆ ಕರೆದರು. ಗುರುಗಳು ಹನ್ನೊಂದಕ್ಕೆ ಆನ್‌ಲೈನ್ ವಿಚಾರಣೆ ಇಟ್ಟಿದ್ದರು. “ಇನ್ನೂ ದಾರಿ ಇದೆ. ಕೈ ತಪ್ಪಿ ಉತ್ತರ ಬಿಟ್ಟುಹೋಯ್ತು, ಎರಡನೇದು ಅಂತ ಬರ್ಕೊಳ್ಳಿ ಅಂದ್ಬಿಡಿ. ಇಡೀ ವಿಭಾಗದ ಮುಖ ನೋಡಿ,” ಎಂದರು ಮುಖ್ಯಸ್ಥರು.

“ಅದನ್ನಾದ್ರೂ ನೋಡಬಹುದು ಸರ್, ದೊಡ್ಡದಾಗಿದೆ,” ಎಂದರು ಟಚಪ್ಪಮ್ಮ.

ಪರದೆಯ ಮೇಲೆ ಗುರುಗಳ ಪಕ್ಕದಲ್ಲಿ ಒಬ್ಬ ವಕೀಲರು. ಅಭ್ಯರ್ಥಿಗಳನ್ನು ಪಾಟೀಸವಾಲಿನಲ್ಲಿ ಕುಟ್ಟಿ ನೋಡುವುದು ಅವರ ಪಾಲಿನ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಕಾನೂನು ಪ್ರಕಾರ ನಡೆಸಲು ಬಂದವರ ಹಾಗಿದ್ದರು.

“ಇಪ್ಪತ್ತೆರಡು ವರ್ಷ ಬರೀ ಮುಖಗಳನ್ನೇ ನೋಡಿದ್ದೀರಿ, ಹೌದಾ?”

“ಹೌದು.”

“ಆ ಅನುಭವದ ಕಣ್ಣು ಈ ಮೂವರಲ್ಲಿ ಯಾರನ್ನು ತೋರಿಸ್ತು? ಮುಚ್ಚಿಡಬೇಡಿ.”

“ಎರಡನೆಯವನನ್ನ.”

ಮುಖ್ಯಸ್ಥರು ಕುರ್ಚಿಯಲ್ಲಿ ನೆಟ್ಟಗಾದರು.

“ಮತ್ತೇಕೆ ಬರೀಲಿಲ್ಲ?”

“ನನ್ನ ಕಣ್ಣಿನ ಬಂಡವಾಳ ನನಗೆ ಗೊತ್ತಿರೋದ್ರಿಂದ,” ಎಂದರು ಟಚಪ್ಪಮ್ಮ. ಆಮೇಲೆ ಇಷ್ಟು ವರ್ಷ ಗಂಡನಿಗೂ ಹೇಳದ ಮಾತೊಂದು ಹೊರಬಂತು. “ಒಬ್ಬ ದರ್ಜಿ ಒಂದು ಹಳೇ ಫೋಟೋ ತಂದಿದ್ರು. ಗುಂಪಿನ ಹಿಂದಿನ ಸಾಲಲ್ಲಿ ಅವರಪ್ಪ. ಮುಖ ಸಾಸಿವೆ ಕಾಳಷ್ಟು. ತೀರಿಕೊಂಡಿದ್ರು, ಬೇರೆ ಫೋಟೋ ಇಲ್ಲ, ದೊಡ್ಡದು ಮಾಡ್ಕೊಡಿ ಅಂದ್ರು. ದೊಡ್ಡದು ಮಾಡಿದೆ. ಕಣ್ಣೇ ಇಲ್ಲ, ಎರಡು ಕಪ್ಪು ಮಸಿ. ನಮ್ಮ ಸ್ಟುಡಿಯೋ ಮಾಲೀಕರ ಫೋಟೋ ಇತ್ತಲ್ಲ, ಅದರಿಂದ ಕಣ್ಣು ತೆಗೆದು ಅಂಟಿಸಿದೆ. ಮೂಗು ಅಂದಾಜು. ದರ್ಜಿ, ಅವರ ಇಬ್ಬರು ತಂಗೀರು ಬಂದ್ರು. ನೋಡ್ತಿದ್ದ ಹಾಗೇ ಅಳು. ‘ಅಪ್ಪನೇ! ಆ ಕಣ್ಣು ನೋಡೋ ಅಣ್ಣ, ಹಾಗೇ ಇದೆ!’ ಅಂತ. ಆ ಕಣ್ಣಿನ ಯಜಮಾನರು ಪಕ್ಕದಲ್ಲೇ ನಿಂತು ರಸೀದಿ ಬರೀತಿದ್ರು. ಒಬ್ಬರೂ ಗುರುತು ಹಿಡೀಲಿಲ್ಲ.”

ಝೂಮಣ್ಣ ಮೊದಲ ಬಾರಿಗೆ ಏನನ್ನೂ ಹಿಗ್ಗಿಸದೆ ಕೂತಿದ್ದ.

“ಆ ದಿನ ನನ್ನನ್ನ ಹೊಗಳಿದ್ರು, ನಾನೂ ಸುಮ್ನೆ ಹೊಗಳಿಸ್ಕೊಂಡೆ. ಹೇಳಬೇಕಿತ್ತು, ಹೇಳ್ಲಿಲ್ಲ. ಇಲ್ಲದ್ದನ್ನ ತುಂಬಿಕೊಟ್ರೆ ಜನ ನಂಬ್ತಾರೆ ಸರ್. ತುಂಬಿದವಳೂ ನಂಬ್ತಾಳೆ. ಆಗ ಅದು ಗೋಡೆಗೆ ಹೋಯ್ತು, ಈಗ ಇದು ಕೋರ್ಟಿಗೆ ಹೋಗುತ್ತೆ. ಫೇಲ್ ಮಾಡ್ತೀರಾ, ಮಾಡಿ. ಮೂರರಲ್ಲಿ ಒಂದು ಒತ್ತು ಅಂದ್ರೆ ಮಾತ್ರ ನಾಳೆ ಕೇಳಿದ್ರೂ ಒತ್ತಲ್ಲ.”

ವಕೀಲರು ತಮ್ಮ ಕಾಗದ ಜೋಡಿಸಿಕೊಂಡರು. ಗುರುಗಳು ಗಂಟಲು ಸರಿಮಾಡಿಕೊಂಡು, ಪಟ್ಟಿಯಲ್ಲಿ ‘ಹೇಳಲಾಗದು’ ಎಂಬ ನಾಲ್ಕನೇ ಉತ್ತರ ಇರಬೇಕಿತ್ತೆಂದೂ, ಪುಟ ಜೋಡಿಸಿದವರು ಪರದೆಯ ಚೌಕದಲ್ಲಿ ಜಾಗ ಸಾಲಲಿಲ್ಲವೆಂದು ಅದನ್ನು ಬಿಟ್ಟುಬಿಟ್ಟಿದ್ದರೆಂದೂ ಒಪ್ಪಿಕೊಂಡರು. ನಲವತ್ತೊಂದು ಮಂದಿ ಮೂರರಲ್ಲೊಂದನ್ನು ಒತ್ತಿ ಮುಂದೆ ಹೋಗಿದ್ದರು, ಒಬ್ಬರೂ ದೂರಿರಲಿಲ್ಲ. ಅವರೆಲ್ಲ ಆ ಪ್ರಶ್ನೆಗೆ ಮತ್ತೆ ಕೂರಬೇಕು.

“ನೀವು ಪಾಸು ಮೇಡಂ. ಪ್ರಮಾಣಪತ್ರ ಇವತ್ತೇ ಬರುತ್ತೆ.”

ಮುಖ್ಯಸ್ಥರು ಬಿಟ್ಟ ಉಸಿರು ಮೇಜಿನ ಮೇಲಿನ ಕಾಗದಗಳನ್ನು ಅಲುಗಿಸಿತು.

“ಇನ್ನೊಂದು ವಿಷಯ,” ಎಂದರು ಗುರುಗಳು, ಮಕ್ಕಳು ಬಚ್ಚಿಟ್ಟದ್ದನ್ನು ತೆಗೆಯುವಾಗಿನ ಖುಷಿಯಲ್ಲಿ. “ಆ ಮೂವರಲ್ಲಿ ಯಾರೂ ಅಲ್ಲ. ಅಂಗಡಿ ನಮ್ಮ ಭಾವಂದು. ಬೀಗ ಮುರಿದವನು ನಾನೇ!” ಎಂದು ಕುರ್ಚಿಯ ಹಿಂದಿನಿಂದ ರೇನ್‌ಕೋಟ್ ತೆಗೆದು ತೊಟ್ಟು, ಟೋಪಿ ಎಳೆದು, ಅದೇ ಭಂಗಿಯಲ್ಲಿ ತಿರುಗಿ ನಿಂತರು. ಪಕ್ಕದಲ್ಲಿ ಆ ತುಣುಕನ್ನೂ ನಿಲ್ಲಿಸಿದರು.

ಝೂಮಣ್ಣ “ಅಯ್ಯೋ, ಹೌದಲ್ಲಾ!” ಎಂದ. ವಕೀಲರು ತಲೆದೂಗಿದರು. ಮುಖ್ಯಸ್ಥರು ತಮಗೆ ಮೊದಲೇ ಅನ್ನಿಸಿತ್ತು ಎಂದರು.

“ಈಗ ಹೇಳಿ ಮೇಡಂ,” ಎಂದರು ಗುರುಗಳು ಟೋಪಿಯೊಳಗಿಂದ. “ಗೊತ್ತಾದ ಮೇಲೆ ನೋಡಿದ್ರೆ, ನಾನೇ ಅಂತ ಕಾಣುತ್ತೆ ಅಲ್ವಾ?”

ಟಚಪ್ಪಮ್ಮ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಆ ಮುಖ ನೋಡಿದರು, ಈ ಮುಖ ನೋಡಿದರು. ಒಂದು ನಿಮಿಷವಾದರೂ ಆಗಿರಬೇಕು.

“ಹೇಳಕ್ಕಾಗಲ್ಲ ಸರ್,” ಎಂದರು.