ಟವೆಲ್ ಕೂತ ಸೀಟು

ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಹಳೆಯ ಉರಿಯೇ. ಆದರೆ ಈಚೆಗೆ ಅದು ಎಷ್ಟು ಏರಿದೆಯೆಂದರೆ, ಮನೆಯಲ್ಲಿ ಸ್ನಾನದ ಟವೆಲ್ಲು ಕುರ್ಚಿಯ ಮೇಲೆ ಬಿದ್ದಿದ್ದರೂ "ಯಾರದಿದು, ಎತ್ತಿ" ಎಂದು ಕೂಗಿಬಿಡುತ್ತೇನೆ. ನಮ್ಮ ಮನೆಯವರು ಎತ್ತಿಕೊಂಡು ಹೋಗುತ್ತಾರೆ. ವಯಸ್ಸಿನ ದೋಷವೆಂದು ತಿಳಿದಿರಬೇಕು. ನಾನೂ ತಿದ್ದಲು ಹೋಗಿಲ್ಲ.

ತರೀಕೆರೆಯಿಂದ ಬೀರೂರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವಳು ನಾನು. ಬೆಳಿಗ್ಗೆ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ ನಮ್ಮ ಜನ ಅದರ ಪಕ್ಕದಲ್ಲಿ ಓಡತೊಡಗುತ್ತಾರೆ. ಕಿಟಕಿಯಿಂದ ಒಳಗೆ ಟವೆಲ್ಲು, ಕರ್ಚೀಫು, ಸೊಪ್ಪಿನ ಚೀಲ, ಒಮ್ಮೆಯಂತೂ ಎಡಗಾಲಿನ ಒಂದು ಚಪ್ಪಲಿ. ಆ ವಸ್ತು ಬಿದ್ದ ಕ್ಷಣದಿಂದ ಸೀಟು ಭರ್ತಿ. ಒಡೆಯ ಬಂದು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕೂತರೆ ನನ್ನ ತಕರಾರಿಲ್ಲ. ಒಡೆಯನೇ ಬಾರದಿದ್ದರೆ? ಒಂದು ದಿನ ಹಾಗೇ ಆಯಿತು. ಆ ಮಹಾನುಭಾವ ಸ್ಟ್ಯಾಂಡಿನಲ್ಲೇ ಟೀ ಕುಡಿಯುತ್ತ ಉಳಿದ. ಕಂಡಕ್ಟರು ಒಳಗೆ ಕಣ್ಣಾಡಿಸಿ, ಸೀಟೆಲ್ಲ ಭರ್ತಿಯೆಂದು ತಿಳಿದು, ರೈಟ್ ಎಂದ. ಕೆಂಪು ಚೌಕಳಿಯ ಟವೆಲ್ಲೊಂದು ಕಿಟಕಿ ಪಕ್ಕ ಕೂತು ಗಾಳಿ ತೆಗೆದುಕೊಳ್ಳುತ್ತ ಬೀರೂರು ತಲುಪಿತು. ನಾನು ಅದರ ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದೆ. ಸರಿಸಿ ಕೂರಬಹುದಿತ್ತಲ್ಲ ಎನ್ನಬೇಡಿ. ನಾನೂ ಇದೇ ಸೀಮೆಯವಳು.

ಇಷ್ಟಕ್ಕೆಲ್ಲ ಇಷ್ಟು ಸಿಟ್ಟೇ ಎಂದು ನೀವು ಕೇಳಬಹುದು. ಸಿಟ್ಟಿನ ಬೇರು ಬಸ್ಸಿನಲ್ಲಿಲ್ಲ, ನನ್ನ ಕೆಲಸದಲ್ಲಿದೆ. ಬೀರೂರಿನಲ್ಲಿ ಅನ್ವರ್ ಭಾಯಿ ಎಂಬವರದೊಂದು ಅಂಗಡಿಯಿದೆ. ಅವರ ತಂದೆಯ ಕಾಲದಿಂದ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವುದು ಅವರ ಕಸುಬು. ಸುತ್ತಿ ಸುತ್ತಿ ಬೇಸತ್ತು, ಮೋಟರು ಸುಡದ ಹಾಗೆ ಏನಾದರೂ ಮಾಡಬೇಕು ಎಂಬ ಆಸೆ ಅವರಿಗೆ ಹುಟ್ಟಿತು. ತನ್ನ ಗಿರಾಕಿಗಳನ್ನು ತಾನೇ ಕಡಿಮೆ ಮಾಡಿಕೊಳ್ಳುವ ಇಂಥ ಆಸೆ ಲಕ್ಷಕ್ಕೊಬ್ಬರಿಗೆ ಹುಟ್ಟುತ್ತದೆ. ಹಾಗೆ ಶುರುವಾದದ್ದು ನಮ್ಮ ಸ್ಟಾರ್ಟರ್ ಪೆಟ್ಟಿಗೆ. ಬೋರ್‌ವೆಲ್ಲಿನಲ್ಲಿ ನೀರು ತೀರಿದರೆ ಮೋಟರು ಎಳೆಯುವ ಕರೆಂಟು ಇಳಿಯುತ್ತದೆ. ಪೆಟ್ಟಿಗೆ ಅದನ್ನು ಗಮನಿಸಿ ಮೋಟರನ್ನು ತಾನೇ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಮೋಟರು ಒಣಗಿದ ಬಾವಿಯಲ್ಲಿ ಸುಮ್ಮನೆ ತಿರುಗಿ, ಬಿಸಿಯಾಗಿ, ಸುಟ್ಟುಹೋಗುತ್ತದೆ. ಪೆಟ್ಟಿಗೆಯ ತಗಡು, ತಂತಿ ಎಲ್ಲ ಅನ್ವರ್ ಭಾಯಿಯವರದು. ಒಳಗಿನ ಬುದ್ಧಿ, ಅಂದರೆ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ, ನನ್ನದು.

ಪಂಚನಹಳ್ಳಿಯಲ್ಲಿ ಹಾಲಮ್ಮ ಎಂಬ ತೆಂಗಿನ ತೋಟದವರಿದ್ದಾರೆ, ಅರವತ್ತು ದಾಟಿದವರು. ಆ ಕಡೆ ಹೊಸ ಪೆಟ್ಟಿಗೆಯನ್ನು ಯಾರೂ ನಂಬದಿದ್ದಾಗ ಅವರು ನನ್ನ ಮುಖವನ್ನು ಒಂದು ನಿಮಿಷ ನೋಡಿ, "ನೀವು ನೋಡಿದೀರಾ, ಸರಿ ನಿಲ್ಲಿಸ್ತದಾ?" ಎಂದು ಕೇಳಿದ್ದರು. ನೋಡಿದ್ದೇನೆ ಅಂದೆ. ಹಾಕಿಸಿದರು. ಆ ವರ್ಷ ಅವರು ಹೊಸದಾಗಿ ತೆಂಗಿನ ಸಸಿ ಇಟ್ಟಿದ್ದರು. ಪೆಟ್ಟಿಗೆಯನ್ನು ನಂಬಿ ಮೋಟರು ಹಾಕಿ ಒಳಗೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅವರ ಫೋನು ಬಂತು. ಮೋಟರು ಸುಟ್ಟಿದೆ, ಮೇಲೆತ್ತಿಸಿದ್ದೇನೆ, ಬೀರೂರಿಗೆ ಕಳಿಸುತ್ತಿದ್ದೇನೆ ಎಂದರು. ನಾನು ಏನೋ ತೊದಲಿದೆ. "ಪರವಾಗಿಲ್ಲ ಬಿಡಿ ಮೇಡಮ್ಮೋರೆ" ಎಂದು ಫೋನಿಟ್ಟರು.

ಆ ಪರವಾಗಿಲ್ಲ ನನ್ನನ್ನು ಸುಟ್ಟ ಹಾಗೆ ಯಾವ ಬೈಗಳೂ ಸುಟ್ಟಿಲ್ಲ. ನಮ್ಮ ನಾಡಿನಲ್ಲಿ ಈ ಮಾತಿನಷ್ಟು ಅಗ್ಗದ ಮಾತಿಲ್ಲ. ಕಾಲು ತುಳಿದರೆ ಪರವಾಗಿಲ್ಲ, ಮದುವೆ ಮುರಿದರೆ ಪರವಾಗಿಲ್ಲ. ಮೋಟರು ಸುಟ್ಟು, ಸಸಿಗೆ ಕೊಡದಿಂದ ನೀರು ಹೊರುವ ಹೆಂಗಸು ಅದನ್ನೇ ಅಂದರೆ ಏನರ್ಥ? ಇವಳ ಕೈಲಿ ಇನ್ನೇನೂ ಆಗದು ಎಂದು ಅವರು ತೀರ್ಮಾನಿಸಿದ್ದಾರೆ ಎಂದೇ ಅರ್ಥ ಎಂದುಕೊಂಡೆ.

ಅನ್ವರ್ ಭಾಯಿ ಮೋಟರು ಬಿಚ್ಚಿ ಒಮ್ಮೆ ಮೂಸಿ ನೋಡಿದರು. "ಮೇಡಂ, ಇದು ನೀರಿಲ್ದೆ ಓಡಿ ಸುಟ್ಟಿರೋದು" ಎಂದರು. ಸಾಧ್ಯವೇ ಇಲ್ಲ, ಟೆಸ್ಟೆಲ್ಲ ಪಾಸಾಗಿದೆ ಎಂದೆ. ಅವರು ಕರಕಲಾದ ತಂತಿಯ ಸುರುಳಿಯನ್ನು ನನ್ನ ಮೇಜಿನ ಮೇಲೆ, ಪಾಸ್ ಪಾಸ್ ಎಂದು ಹಸಿರಾಗಿ ನಗುತ್ತಿದ್ದ ಕಂಪ್ಯೂಟರಿನ ಮುಂದೆ ಇಟ್ಟು, "ಇದು ಫೇಲ್ ಅಂತಿದೆ" ಎಂದು ಹೊರಟುಹೋದರು. ಅಂಗಡಿಯ ಮೂಲೆಯಲ್ಲಿ, ಆ ವಾರ ಸಖರಾಯಪಟ್ಟಣದ ಕಡೆ ಹೋಗಬೇಕಿದ್ದ ಪೆಟ್ಟಿಗೆಗಳು ಸಾಲಾಗಿ ಪ್ಯಾಕಾಗಿ ಕೂತಿದ್ದವು. ಒಂದೊಂದೂ ಇನ್ನೊಬ್ಬ ಹಾಲಮ್ಮನ ಮೋಟರು.

ಮೂರು ದಿನ ಹುಡುಕಿದೆ. ಮೊದಲ ದಿನ ಕರೆಂಟಿನವರನ್ನು ಬೈದೆ. ಎರಡನೆಯ ದಿನ ಚಿಪ್ ಮಾಡಿದವರನ್ನು ಬೈದೆ. ಮೂರನೆಯ ದಿನ ಬೈಯಲು ಯಾರೂ ಉಳಿಯದೆ ನನ್ನ ಪ್ರೋಗ್ರಾಮನ್ನು ಓದಿದೆ. ಆಗ ಸಿಕ್ಕಿತು, ಟವೆಲ್ಲು.

ಸ್ವಲ್ಪ ತಾಳ್ಮೆಯಿಟ್ಟು ಕೇಳಿ. ಪ್ರೋಗ್ರಾಂ ಎಂದರೆ ಒಂದೇ ಉದ್ದ ಬರಹವಲ್ಲ, ಸಣ್ಣ ಸಣ್ಣ ತುಂಡುಗಳು. ಪ್ರತಿ ತುಂಡಿಗೂ ಒಂದು ಹೆಸರು. ಕೊನೆಗೆ ಲಿಂಕರ್ ಎಂಬುದೊಂದು ಬಂದು, ಯಾವ ಹೆಸರಿಗೆ ಯಾವ ತುಂಡು ಎಂದು ನೋಡಿ ಎಲ್ಲವನ್ನೂ ಹೊಲಿಯುತ್ತದೆ. ನೀರಿದೆಯೇ ಎಂದು ನೋಡುವ ತುಂಡು ಮೊದಮೊದಲು ತಯಾರಿರಲಿಲ್ಲ. ಅದು ಬರುವ ತನಕ ಇರಲಿ ಎಂದು, ಯಾವಾಗ ಕೇಳಿದರೂ ನೀರಿದೆ ಎನ್ನುವ ಒಂದು ಹುಸಿ ತುಂಡನ್ನು ಅದೇ ಹೆಸರಿನಲ್ಲಿ ಇಟ್ಟಿದ್ದೆ. ಅದರ ಮೇಲೆ ವೀಕ್ ಎಂದು ಗುರುತು ಹಾಕಿದ್ದೆ. ಇದನ್ನು ವೀಕ್ ಸಿಂಬಲ್ ಅನ್ನುತ್ತಾರೆ. ಅಸಲಿ ಬಂದರೆ ಇದು ಎದ್ದು ಜಾಗ ಬಿಡಬೇಕೆಂಬುದು ಕರಾರು. ಅಸಲಿ ತುಂಡು ಬಂತು, ಟವೆಲ್ಲು ಎದ್ದಿತು, ಎಲ್ಲ ಸರಿಯಿತ್ತು.

ಆಮೇಲೆ ಯುಗಾದಿಗೆ ಮನೆ ಸಾರಿಸಿದಂತೆ ನಾನೊಮ್ಮೆ ಫೈಲುಗಳನ್ನೆಲ್ಲ ಒಪ್ಪ ಮಾಡಿದೆ. ಅಸಲಿ ತುಂಡುಗಳನ್ನೆಲ್ಲ ಲೈಬ್ರರಿ ಎಂಬ ಒಂದು ಕಟ್ಟಿನೊಳಗೆ ಸೇರಿಸಿದೆ. ಕೇಡು ಅಲ್ಲಿಂದ ಶುರು. ಲಿಂಕರ್ ಲೈಬ್ರರಿಯೊಳಗೆ ಕೈ ಹಾಕುವುದು ಯಾವುದಾದರೂ ಸೀಟು ಖಾಲಿಯಿದ್ದರೆ ಮಾತ್ರ. ಇಲ್ಲಿ ಸೀಟಿನ ಮೇಲೆ ಟವೆಲ್ಲಿದೆ. ಭರ್ತಿ ಎಂದುಕೊಂಡಿತು, ರೈಟ್ ಎಂದಿತು. ಅಸಲಿ ತುಂಡು ಸ್ಟ್ಯಾಂಡಿನಲ್ಲೇ ಉಳಿಯಿತು. ಒಂದು ಎಚ್ಚರಿಕೆಯಿಲ್ಲ, ಒಂದು ಕೆಮ್ಮಿಲ್ಲ. ಒಂದು ಅರ್ಧವಿರಾಮ ತಪ್ಪಿದರೆ ಪುಟಗಟ್ಟಲೆ ಗೊಣಗುವ ಈ ಯಂತ್ರ, ಬಾವಿಯನ್ನೇ ಮರೆತು ಬಂದಾಗ ಮೌನಿಯಾಗಿತ್ತು. ಹಾಲಮ್ಮನ ಪೆಟ್ಟಿಗೆ ಪ್ರತಿ ಕ್ಷಣವೂ ನೀರಿದೆಯೇ ಎಂದು ಕೇಳುತ್ತಿತ್ತು, ಟವೆಲ್ಲು ಪ್ರತಿ ಕ್ಷಣವೂ ಇದೆ ಇದೆ ಎನ್ನುತ್ತಿತ್ತು. ಅಜ್ಜಂಪುರದ ಈರುಳ್ಳಿ ಹೊಲಗಳಿಗೆ ಹಾಕಿದ ಎರಡು ಪೆಟ್ಟಿಗೆಗಳಲ್ಲೂ ಇದೇ ಟವೆಲ್ಲಿತ್ತು. ಅಲ್ಲಿನ ಬೋರುಗಳು ಬತ್ತಲಿಲ್ಲವಾಗಿ ಅವರು ನಮ್ಮನ್ನು ಹೊಗಳುತ್ತಿದ್ದರು.

ಹಾಗಾದರೆ ಟೆಸ್ಟು ಹೇಗೆ ಪಾಸಾಯಿತು? ಹೇಳಲು ನಾಚಿಕೆಯಾಗುತ್ತದೆ. ಟೆಸ್ಟಿನಲ್ಲಿ, ನೀರಿಲ್ಲ ಎನ್ನುವ ಮೂರನೆಯ ತುಂಡೊಂದನ್ನು ನಾನೇ ಬರೆದು ಅದೇ ಹೆಸರಿನಲ್ಲಿ ಕೂರಿಸಿದ್ದೆ. ಅದು ವೀಕ್ ಅಲ್ಲ, ಗಟ್ಟಿ. ಬಂದ ಕೂಡಲೇ ಟವೆಲ್ಲನ್ನು ಸರಿಸಿ ಕೂತಿತು. ನೀರಿಲ್ಲ ಎಂದು ನಾನೇ ಹೇಳಿಕೊಟ್ಟೆ, ಪೆಟ್ಟಿಗೆ ನಿಂತಿತು, ಪಾಸ್. ನಿಜವಾದ ಕರೆಂಟನ್ನು ಅಳೆಯುವ ತುಂಡು ಪೆಟ್ಟಿಗೆಯೊಳಗೆ ಇದೆಯೋ ಇಲ್ಲವೋ ಎಂದು ಟೆಸ್ಟು ಕೇಳಲೇ ಇಲ್ಲ. ಪ್ರಶ್ನೆಪತ್ರಿಕೆಯನ್ನೂ ಉತ್ತರವನ್ನೂ ನಾನೇ ಬರೆದು, ನಾನೇ ತಿದ್ದಿ, ನೂರಕ್ಕೆ ನೂರು ಹಾಕಿಕೊಂಡು ಪಂಚನಹಳ್ಳಿಯಲ್ಲಿ ನೋಡಿದ್ದೇನೆ ಎಂದಿದ್ದೆ.

ಈ ವೀಕ್ ಗುರುತು ಹಾಕಿದ ಅವಿವೇಕಿ ಯಾರು ಎಂದು ಅಂಗಡಿಯಲ್ಲಿ ಗಟ್ಟಿಯಾಗಿಯೇ ಕೇಳಿದೆ. ಅನ್ವರ್ ಭಾಯಿ ತಂತಿ ಸುತ್ತುತ್ತಲೇ, "ಇಲ್ಲಿ ಪ್ರೋಗ್ರಾಂ ಬರೆಯೋರು ಎಷ್ಟು ಜನ ಇದೀವಿ ಮೇಡಂ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಅಗತ್ಯವೂ ನನಗಿರಲಿಲ್ಲ. ಕುಂಬಳಕಾಯಿ ಹೆಗಲ ಮೇಲೇ ಇತ್ತು.

ಬದಲಿಗೆ ಒಂದು ವಸ್ತುವನ್ನು ಕಳಿಸುವ ಚಾಳಿ ನಮ್ಮಲ್ಲಿ ಹೊಸದೇನಲ್ಲ. ಹಿಂದೆ ಪಾಳೆಯಗಾರರು ಮದುವೆಗೆ ತಾವು ಹೋಗಲಾಗದಿದ್ದರೆ ಕತ್ತಿ ಕಳಿಸುತ್ತಿದ್ದರಂತೆ. ಹುಡುಗಿ ಕತ್ತಿಯ ಪಕ್ಕ ಕೂತು ಮದುವೆಯಾಗುತ್ತಿದ್ದಳಂತೆ. ಪಾಳೆಯಗಾರರು ಆಳಿದ ತರೀಕೆರೆಯವಳಾದ ನನಗೆ ಈ ಕಥೆಯನ್ನು ನಮ್ಮ ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದರು. ನನಗೀಗ ಆ ಹುಡುಗಿಯ ಯೋಚನೆಯೇ ಬರುತ್ತದೆ. ಕತ್ತಿ ಬಂದಿದೆಯಲ್ಲ, ಮದುವೆ ಆಯಿತಲ್ಲ ಎಂದು ಎಲ್ಲರೂ ಊಟ ಮಾಡಿ ಎದ್ದರು. ಗಂಡ ಬಂದನೇ ಎಂದು ಆಮೇಲೆ ಯಾರಾದರೂ ವಿಚಾರಿಸಿದರೋ ಇಲ್ಲವೋ, ಅಜ್ಜಿ ಹೇಳಲಿಲ್ಲ.

ಸರಿಪಡಿಸುವುದು ಸುಲಭವಿತ್ತು, ಸಿಟ್ಟು ಬರಿಸುವಷ್ಟು ಸುಲಭ. ಮೊದಲು ಟವೆಲ್ಲನ್ನು ಕಿತ್ತು ಹಾಕಿದೆ. ಅಸಲಿಯನ್ನು ಬೇಕೆಂದೇ ಹೊರಗಿಟ್ಟು ಲಿಂಕರನ್ನು ಓಡಿಸಿದೆ. ಈಗ ಅದು ಕೆಂಪಾಗಿ ಕಿರುಚಿತು: ಈ ಹೆಸರಿನವರು ಯಾರೂ ಇಲ್ಲ, ನಾನು ಹೊರಡುವುದಿಲ್ಲ. ಅಷ್ಟು ಇಂಪಾದ ಬೈಗಳನ್ನು ನಾನು ಕೇಳಿರಲಿಲ್ಲ. ಅಸಲಿಯನ್ನು ಒಳಗಿಟ್ಟೆ, ಸುಮ್ಮನಾಯಿತು. ಟೆಸ್ಟಿನಿಂದ ನಾನು ಕೂರಿಸಿದ್ದ ಮೂರನೆಯ ತುಂಡನ್ನೂ ಹೊರಹಾಕಿದೆ. ಪೆಟ್ಟಿಗೆಗೆ ಹೋಗುವ ಲೈಬ್ರರಿಯೇ ಟೆಸ್ಟಿಗೂ ಹೋಗಬೇಕು, ಕರೆಂಟಿನ ಅಂಕಿಯನ್ನಷ್ಟೇ ನಾನು ಕೊಡುವುದು ಎಂದು ಮಾಡಿದೆ. ಪಾಸಾಯಿತು. ಅನ್ವರ್ ಭಾಯಿಗೆ ತೋರಿಸಿದೆ. ಅವರು ಹಲ್ಲಿನಲ್ಲಿ ತಂತಿ ಕಚ್ಚಿಕೊಂಡೇ, "ಪಾಸಾಗಿದ್ದು ನಾನು ಹೋದ್ಸಲಾನೂ ನೋಡಿದೀನಿ. ಬೋರಿನ ಹತ್ರ ಹೋಗ್ಬನ್ನಿ" ಎಂದರು.

ಹೊಸದಾಗಿ ಸುತ್ತಿದ ಮೋಟರನ್ನು ಅವರು ಹಿಂದಿನ ದಿನವೇ ಇಳಿಸಿ ಬಂದಿದ್ದರು. ನಾನು ಪ್ರೋಗ್ರಾಂ ಬದಲಿಸಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಡೂರಿನಲ್ಲಿ ಬಸ್ಸು ಬದಲಿಸಿ ಪಂಚನಹಳ್ಳಿ ಸೇರಿದೆ. ಹಾಲಮ್ಮ ಎಳನೀರು ಕೊಟ್ಟರು. ಅಮ್ಮ, ತಪ್ಪು ನನ್ನದೇ ಎಂದೆ. ಮತ್ತೆ ಅದೇ ಮಾತು, "ಪರವಾಗಿಲ್ಲ ಬಿಡಿ." ಸಸಿಗಳ ಬುಡ ಒದ್ದೆಯಿತ್ತು, ಬದುವಿನ ಮೇಲೆ ಎರಡು ಕೊಡ ಕವುಚಿದ್ದವು. ಎರಡು ಸಸಿ ಒಣಗಿದ್ದನ್ನು ಅವರು ತೋರಿಸಲಿಲ್ಲ, ನಾನೇ ನೋಡಿದೆ.

ಪೆಟ್ಟಿಗೆ ಜೋಡಿಸಿ ಮೋಟರು ಹಾಕಿದೆವು. ಆ ಬೋರು ಸುಮಾರು ಒಂದು ಗಂಟೆ ನೀರು ಕೊಟ್ಟು ಆಮೇಲೆ ಗಾಳಿ ಉಗುಳುತ್ತದೆ. ಕಲ್ಲಿನ ಮೇಲೆ ಕೂತು ಆ ಗಾಳಿಗಾಗಿ ಕಾದೆವು. ನೀರು ತೀರಲಿ ಎಂದು ಪಂಚನಹಳ್ಳಿಯಲ್ಲಿ ಕೂತು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ಪೈಪು ಕೆಮ್ಮಿತು. ನೀರು ಸಣ್ಣಗಾಯಿತು, ನಿಂತಿತು. ಮೋಟರು ನಿಲ್ಲಲಿಲ್ಲ. ಸುಳ್ಳು ಗಾಬರಿಯಾಗಬಾರದೆಂದು ಪೆಟ್ಟಿಗೆ ಎಂಟು ಸೆಕೆಂಡು ನೋಡಿ ಆಮೇಲೆ ನಿಲ್ಲಿಸುತ್ತದೆ, ಅದು ನನಗೆ ಗೊತ್ತು. ಹಾಲಮ್ಮನಿಗೆ ಗೊತ್ತಿಲ್ಲ. ಅವರು ಎದ್ದು ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟರು.

"ಒಂದ್ನಿಮಿಷ ಅಮ್ಮ" ಎಂದೆ.

"ಹೋದ್ಸಲ ನಿಮ್ಮಾತು ಕೇಳೇ ಒಳಗ್ ಹೋಗಿದ್ದೆ" ಎಂದರು. ಆದರೂ ಸ್ವಿಚ್ಚು ಎಳೆಯಲಿಲ್ಲ, ಕೈ ಅಲ್ಲೇ ಇಟ್ಟು ಕಾದರು. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಎಂಟು ಸೆಕೆಂಡು ಇರಲಿಲ್ಲ. ಟಕ್ ಎಂದು ಪೆಟ್ಟಿಗೆ ಸದ್ದು ಮಾಡಿತು. ಮೋಟರು ನಿಂತಿತು.

ಹಾಲಮ್ಮ ಕೈ ತೆಗೆದು, ಸೆರಗಿನಲ್ಲಿ ಒರೆಸಿಕೊಂಡು, ಬಂದು ನನ್ನೆದುರು ಕೂತರು. "ಈಗ ಬೈಯ್ತೀನಿ, ಕೇಳಿಸ್ಕೋ" ಎಂದರು. ಬೈದರು. "ನೋಡಿದೀನಿ ಅಂದ್ಯಲ್ಲೇ, ಏನ್ ನೋಡಿದ್ದೆ? ನೀರಿಲ್ಲದ್ ಬೋರ್ ಎಲ್ಲೈತೆ ನಿನ್ನ ಬೀರೂರಲ್ಲಿ? ಈ ಸೊಂಟ ಇಟ್ಕೊಂಡು ಹನ್ನೆರಡ್ ದಿನ ನೀರ್ ಹೊತ್ತಿದೀನಿ ಕಣೇ. ಎರಡ್ ಸಸಿ ಹೋಯ್ತು. ಓದಿದೋಳಂತೆ." ಮೇಡಮ್ಮೋರು ಎಲ್ಲಿಗೋ ಹೋಗಿ, ನಾನು ಅವರ ಮನೆಯ ಮಗಳ ಹಾಗೆ ಬೈಸಿಕೊಂಡೆ. ಹತ್ತು ನಿಮಿಷವಾದರೂ ಆಗಿರಬೇಕು. ಪಕ್ಕದ ತೋಟದವರು ಬೇಲಿಯ ಹತ್ತಿರ ಬಂದು ನಿಂತು ಕೇಳಿಕೊಂಡು ಹೋದರು.

ಉಸಿರು ತೆಗೆದುಕೊಳ್ಳಲು ಅವರು ನಿಂತಾಗ ಕೇಳಿದೆ, ಅವತ್ತು ಫೋನಿನಲ್ಲೇ ಯಾಕೆ ಬೈಯಲಿಲ್ಲ ಎಂದು.

"ಅವತ್ತೇ ಬೈದಿದ್ರೆ ನೀನ್ ಬರ್ತಿದ್ಯಾ? ಬೈಸ್ಕೊಂಡಾಯ್ತು ಅಂತ ಅಲ್ಲೇ ಕೂತಿರ್ತಿದ್ದೆ. ಇದು ನಿಲ್ಲೋದ್ ನೋಡಿದ್ಮೇಲೆ ಬೈಯಾಣ ಅಂತ ಇಟ್ಕೊಂಡಿದ್ದೆ" ಎಂದರು.

ಅಂದರೆ ಅವರ ಪರವಾಗಿಲ್ಲವೂ ಬೈಗಳಿಗೆ ಸೀಟು ಹಿಡಿದಿದ್ದ ಒಂದು ಟವೆಲ್ಲೇ. ನಾನು ಅದನ್ನೇ ಅಸಲಿಯೆಂದು ತಿಳಿದು ಹನ್ನೆರಡು ದಿನ ಬೆಂದಿದ್ದೆ.

ಸಂಜೆ ಕಡೂರಿನ ಬಸ್ಸು ಹತ್ತಿದೆ. ಖಾಲಿ ಇದ್ದದ್ದು ಒಂದೇ ಸೀಟು. ಅದರ ಮೇಲೆ ಒಂದು ಹಳದಿ ಟವೆಲ್ಲು. ಯಾರದ್ರೀ ಇದು ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದೆ. ಯಾರೂ ಉತ್ತರಿಸಲಿಲ್ಲ. ಬದುಕಿನಲ್ಲಿ ಮೊದಲ ಸಲ ಕೈ ಚಾಚಿ ಅದರ ತುದಿ ಹಿಡಿದೆ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ, ತಲೆಯ ಮೇಲೆ ಹುಣಸೆಹಣ್ಣಿನ ಗಂಟು ಹೊತ್ತ ಮುದುಕರೊಬ್ಬರು ಏದುಸಿರು ಬಿಡುತ್ತ ಹತ್ತಿದರು. "ನಂದು ಕಣವ್ವ, ಬಂದೆ ಬಂದೆ" ಎಂದರು. ನಾನು ಟವೆಲ್ಲನ್ನು ಕೊಡವಿ, ಮಡಿಸಿ, ಅವರ ಕೈಗೆ ಕೊಟ್ಟೆ. ಅವರು ಅದನ್ನು ಹೆಗಲಿಗೆ ಹಾಕಿಕೊಂಡು ಕೂತರು. ಕಡೂರಿನ ತನಕ ಕಂಬಿ ಹಿಡಿದು ನಿಂತೇ ಹೋದೆ. ಕಾಲು ನೋಯುತ್ತಿತ್ತು, ಸಿಟ್ಟು ಮಾತ್ರ ಬರಲಿಲ್ಲ. ಟವೆಲ್ಲು ಹಾಕಿದವರು ಬಂದರು, ನಾನು ಇಷ್ಟು ದಿನ ಕೇಳುತ್ತಿದ್ದದ್ದು ಅಷ್ಟೇ ತಾನೇ.